ಬೂದಿ ಗಿಳಿಗೆ ಕುಸುಬಿ ಎಣ್ಣೆ

ನಾನು ಚಿಕ್ಕವಳಿದ್ದಾಗ ನಮ್ಮ ಊರಿನಲ್ಲಿ ಒಂದೂ ನಳ ಇರಲಿಲ್ಲ. ಆದರೆ ನಮ್ಮ ಮನೆಯಲ್ಲಿ ನಳದ ಸಪ್ಪಳ ಇತ್ತು. ನಸುಕಿನಲ್ಲಿ, ಕೋಳಿ ಕೂಗುವ ಮೊದಲು, ಪಡಸಾಲೆಯ ಮೂಲೆಯಿಂದ ಖೊರ್ ಖೊರ್ ಎಂದು ಯಾರೋ ಕೆಮ್ಮಿದಂತಾಗುತ್ತಿತ್ತು. ಆಮೇಲೆ ಸುಸ್ ಎಂದು ಗಾಳಿ. ಆಮೇಲೆ ಟಪ್... ಟಪ್... ಎಂದು ಹನಿ. ನೀರು ಎಲ್ಲಿಂದ ಬೀಳುತ್ತಿದೆ, ಯಾವ ಕೊಡದೊಳಗೆ ಬೀಳುತ್ತಿದೆ ಎಂದು ಕೌದಿಯೊಳಗೇ ಯೋಚಿಸುತ್ತ ನಾನು ಮತ್ತೆ ನಿದ್ದೆಗೆ ಜಾರುತ್ತಿದ್ದೆ. ಎದ್ದು ನೋಡಿದರೆ ನೆಲ ಒಣಗಿಯೇ ಇರುತ್ತಿತ್ತು.

ಆ ಸಪ್ಪಳ ಮಾಡುತ್ತಿದ್ದುದು ಒಂದು ಗಿಳಿ. ಹೊಲದಲ್ಲಿ ತೆನೆ ತಿನ್ನಲು ಬರುವ ಹಸಿರು ಗಿಳಿಯಲ್ಲ. ಮೈಯೆಲ್ಲ ಒಲೆಯ ಬೂದಿಯ ಬಣ್ಣ, ಬಾಲ ಮಾತ್ರ ಒಣಮೆಣಸಿನಕಾಯಿಯ ಹಾಗೆ ಕೆಂಪು. ಅಪ್ಪ ಇಂಡಿ ಪೇಟೆಯಿಂದ ಮುಂಬೈಗೆ ಲಿಂಬೆಹಣ್ಣಿನ ಲಾರಿ ಹೊಡೆಯುತ್ತಿದ್ದ. ಅಲ್ಲಿ ಲಿಂಬೆ ಕೊಳ್ಳುವ ಮುದುಕ ವ್ಯಾಪಾರಿಯೊಬ್ಬ ಮನೆ ಖಾಲಿ ಮಾಡಿ ಮಗಳ ಊರಿಗೆ ಹೊರಟಾಗ ಈ ಹಕ್ಕಿಯನ್ನು ಅಪ್ಪನ ಕೈಗೆ ಕೊಟ್ಟನಂತೆ. ಆಫ್ರಿಕಾದ್ದು, ಹಡಗಿನಲ್ಲಿ ಬಂದದ್ದು ಎಂದು ಅಪ್ಪ ಹೇಳಿದ.

ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿ ನಂಬಲಿಲ್ಲ. "ಹಸರ ಗಿಳೀನ ಒಲ್ಯಾಗ ಹೊರಳಾಡ್ಸಿ ನಿನ್ನ ತಲಿಗೆ ಕಟ್ಟ್ಯಾನ ನಿಮ್ಮ ಸಾವಕಾರ" ಎಂದು ಸೆರಗು ಹಸಿ ಮಾಡಿಕೊಂಡು ಹಕ್ಕಿಯನ್ನು ಒರೆಸಿದಳು. ಸೆರಗಿಗೆ ಬಿಳಿ ಪುಡಿ ಹತ್ತಿತು, ಹಕ್ಕಿ ಬೂದಿಯಾಗಿಯೇ ಉಳಿಯಿತು. ಆ ಜಾತಿಯ ಗಿಳಿಯ ಮೈಯಿಂದ ಸದಾ ಅಂಥ ಪುಡಿ ಉದುರುತ್ತದೆ, ಗರಿ ಹಸನಾಗಿಡುವುದು ಅದೇ ಪುಡಿ ಎಂದು ನನಗೆ ಗೊತ್ತಾದದ್ದು ಈಗೀಗ. ಅವತ್ತಿನಿಂದ ಹಕ್ಕಿಯ ಹೆಸರು ಬೂದ್ಯಾ.

ಬೂದ್ಯಾ ಅಕ್ಕನ ಹಕ್ಕಿಯಾಯಿತು. ಯಾರೂ ಹಾಗೆ ಹೇಳಲಿಲ್ಲ, ಅದೇ ಆರಿಸಿಕೊಂಡಿತು. ನಮ್ಮ ಬೆರಳು ಕಂಡರೆ ಕಚ್ಚುತ್ತಿತ್ತು, ಅಕ್ಕನ ಬೆರಳು ಕಂಡರೆ ತಲೆ ಬಗ್ಗಿಸಿ ಕುತ್ತಿಗೆ ಕೊಡುತ್ತಿತ್ತು. ಅಪ್ಪ ಹಳೆಯ ಸರಕಿನ ಪೆಟ್ಟಿಗೆ ಒಡೆದು ದೊಡ್ಡ ಪಂಜರ ಮಾಡಿದ್ದ, ಕೂರಲು ಜಾಲಿಯ ಟೊಂಗೆ ಇಟ್ಟಿದ್ದ. ಬೂದ್ಯಾ ಹಲಗೆ ಕಡಿದು ಚೂರು ಮಾಡುವುದು, ಅಪ್ಪ ಊರಿಗೆ ಬಂದಾಗ ಹೊಸದು ಬಡಿಯುವುದು ನಡೆದೇ ಇರುತ್ತಿತ್ತು. ಅಕ್ಕ ದಿನಾ ಮುಂಜಾನೆ ಪಂಜರದ ತಳದ ಹೊಲಸು ಬಳಿದು, ನೀರಿನ ಕುಡಿಕೆ ತೊಳೆದು, ನೆನೆಸಿದ ಕಡಲೆ, ಒಂದಿಷ್ಟು ಕುಸುಬಿ ಕಾಳು, ಪೇರಲ ಹಣ್ಣಿದ್ದರೆ ಪೇರಲ, ಜೊತೆಗೆ ಒಂದು ಹಸಿಮೆಣಸಿನಕಾಯಿ ಇಡುತ್ತಿದ್ದಳು. ಖಾರ ಅದಕ್ಕೆ ಹತ್ತುತ್ತಲೇ ಇರಲಿಲ್ಲ. ಎಡಗಾಲಲ್ಲಿ ಮೆಣಸಿನಕಾಯಿ ಹಿಡಿದು ಬೀಜ ಬಿಡಿಸಿ ತಿನ್ನುವುದನ್ನು ನೋಡಲು ಓಣಿಯ ಹುಡುಗರೆಲ್ಲ ಬರುತ್ತಿದ್ದರು. ಬಿಸಿಲೇರಿದ ಮೇಲೆ ಅಕ್ಕ ಬೊಗಸೆಯಿಂದ ನೀರು ಚಿಮುಕಿಸಿದರೆ ರೆಕ್ಕೆ ಬಿಚ್ಚಿ, ಕಣ್ಣು ಅರೆ ಮುಚ್ಚಿ, ಮಳೆಯಲ್ಲಿ ನಿಂತ ಹಾಗೆ ನಿಲ್ಲುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಪಂಜರಕ್ಕೆ ಹಳೆಯ ಇಳಕಲ್ ಸೀರೆ ಹೊದಿಸುತ್ತಿದ್ದಳು. ಸೀರೆಯೊಳಗಿಂದ ಆಮೇಲೆ ಮುಂಬೈ ಕೇಳಿಸುತ್ತಿತ್ತು. ಬಾಗಿಲ ಚಿಲಕ ಜಾರಿದ್ದು, ಕಪ್ಪಿಗೆ ಚಮಚ ತಾಗಿದ್ದು, ದೂರದಲ್ಲಿ ಹಡಗು ಕೂಗಿದಂಥ ಒಂದು ಉದ್ದ ಧ್ವನಿ. ಮುಂಬೈಯಲ್ಲಿ ನಸುಕಿಗೆ ನಳ ಹಾಗೆ ಕೆಮ್ಮಿ ನೀರು ಬಿಡುತ್ತದೆ ಎಂದು ಅಪ್ಪನೇ ಹೇಳಿದ್ದು. ಇಂಡಿ ಸಂತೆಯಾಚೆ ಏನನ್ನೂ ನೋಡದ ನಾನು ಕಣ್ಣು ಮುಚ್ಚಿಕೊಂಡು ಆ ಮನೆಯ ಕೋಣೆ ಕೋಣೆಯಲ್ಲಿ ಓಡಾಡಿ ಬರುತ್ತಿದ್ದೆ.

ಬೇಸಿಗೆಯಲ್ಲಿ ಅಕ್ಕನನ್ನು ಬಾಗೇವಾಡಿಗೆ ಮದುವೆ ಮಾಡಿ ಕೊಟ್ಟರು. ಹಕ್ಕಿಯ ಕೆಲಸವೆಲ್ಲ ನನಗೆ ಬಂತು. ಮೊದಲು ನಸುಕಿನ ನಳದ ಸಪ್ಪಳ ನಿಂತಿತು. ಆಮೇಲೆ ಬೂದ್ಯಾ ತನ್ನ ಎದೆಯ ಗರಿಗಳನ್ನು ತಾನೇ ಕಿತ್ತುಕೊಳ್ಳಲು ಶುರು ಮಾಡಿತು. ದಿನಾ ಪಂಜರದ ತಳದಲ್ಲಿ ಬೂದಿ ಬಣ್ಣದ ಗರಿ ಬಿದ್ದಿರುತ್ತಿದ್ದವು. ಚಳಿ ಬೀಳುವಷ್ಟರಲ್ಲಿ ಎದೆ ಪೂರ್ತಿ ಬೋಳಾಗಿತ್ತು.

ಎಳ್ಳ ಅಮಾವಾಸ್ಯೆ ಬಂತು. ನಮ್ಮ ಕಡೆ ಅವತ್ತು ಮನೆಮಂದಿಯೆಲ್ಲ ಅಡುಗೆ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ, ಭೂಮಿಗೆ ಮೊದಲು ಉಣಿಸಿ ಆಮೇಲೆ ತಾವು ಉಣ್ಣುತ್ತಾರೆ. ಅಕ್ಕ ಗಂಡನ ಜೊತೆ ಆ ಹಬ್ಬಕ್ಕೇ ಬರುವವಳಿದ್ದಳು. ಮದುವೆಯಾದ ಮೇಲೆ ಮೊದಲ ಸಲ.

ಹಿಂದಿನ ದಿನ ಸಂಜೆ ಅವ್ವ ಪಂಜರದ ಮುಂದೆ ನಿಂತು, "ಆಕಿ ಬಂದು ಈ ಬೋಳ ಎದಿ ನೋಡಿದ್ರ ಅಳಕೋಂತ ಕೂಡ್ತಾಳ. ಹೊಸಾ ಅಳಿಯಾರ ಮುಂದ ನಮ್ಮದೇನ ಉಳೀತು?" ಎಂದಳು. ಒಳಗೆ ಹೋಗಿ ಕುಸುಬಿ ಎಣ್ಣೆಯ ಗಿಂಡಿ ತಂದಳು. ನಮ್ಮ ಸೀಮೆಯಲ್ಲಿ ಕುಸುಬಿ ಎಣ್ಣೆ ಹತ್ತದ ವಸ್ತುವೇ ಇರಲಿಲ್ಲ. ಒಗ್ಗರಣೆಗೆ ಅದೇ, ಕೂಸಿನ ನೆತ್ತಿಗೆ ಅದೇ, ಎತ್ತಿನ ಕೊಂಬಿಗೆ, ಬಾಗಿಲ ಕೀಲಿಗೂ ಅದೇ. ತಲೆಗೆ ಹಚ್ಚಿದರೆ ಕೂದಲು ಬರುವುದಾದರೆ ಎದೆಗೆ ಹಚ್ಚಿದರೆ ಗರಿ ಯಾಕೆ ಬರಬಾರದು ಎಂಬುದು ಅವ್ವನ ಲೆಕ್ಕ. ಬೂದ್ಯಾನನ್ನು ಅರಿವೆಯಲ್ಲಿ ಸುತ್ತಿ ಹಿಡಿದು, ಕುತ್ತಿಗೆಯಿಂದ ಬಾಲದವರೆಗೆ, ಕೂಸಿಗೆ ತಿಕ್ಕಿದ ಹಾಗೆ ತಿಕ್ಕಿದಳು. ಹಕ್ಕಿ ಮಿರಿಮಿರಿ ಮಿಂಚಿತು. ಅವ್ವನಿಗೆ ಸಮಾಧಾನವಾಯಿತು.

ಮುಂಜಾನೆ ಸೀರೆ ತೆಗೆದರೆ ಬೂದ್ಯಾ ಟೊಂಗೆಯ ಮೇಲಿರಲಿಲ್ಲ. ಪಂಜರದ ತಳದಲ್ಲಿ ಕಣ್ಣು ಮುಚ್ಚಿ ಕೂತಿತ್ತು. ಗರಿಗಳೆಲ್ಲ ಒಂದಕ್ಕೊಂದು ಅಂಟಿ, ಮಳೆಗೆ ಸಿಕ್ಕ ಕೋಳಿಮರಿಯಷ್ಟೇ ಕಾಣುತ್ತಿತ್ತು. ಮುಟ್ಟಿದರೆ ತಣ್ಣಗೆ, ಸಣ್ಣಗೆ ನಡುಗುತ್ತಿತ್ತು. ಕಚ್ಚಲೂ ಇಲ್ಲ. ಕಚ್ಚಲಿಲ್ಲ ಎಂದೇ ನನಗೆ ಹೆದರಿಕೆಯಾಯಿತು. ಆಯಿಯನ್ನು ಕೂಗಿದೆ.

ಆಯಿ ಗರಿ ಮುಟ್ಟಿ ಬೆರಳು ಮೂಸಿದಳು. "ಏನ ಮಾಡಿದೇ ಇದನ್ನ?" ಎಂದು ಅವ್ವನತ್ತ ತಿರುಗಿದಳು. "ಎಣ್ಣಿ ಕುಡದ ಗರಿ ಮೈ ಬೆಚ್ಚಗ ಇಡೂದಿಲ್ಲ. ಗಾಣದಾಗ ಬಿದ್ದ ಗುಬ್ಬಿ ಥಂಡಿ ಹತ್ತಿ ಸತ್ತಿದ್ದು ನೋಡೇನಿ ನಾನು."

"ತಲಿಗಿ ಹಚ್ಚಿದ್ರ ಛಲೋ, ಹಕ್ಕಿಗಿ ಹಚ್ಚಿದ್ರ ಕೆಟ್ಟೇನ್ರೀ ಅತ್ತಿ?"

"ನಿನ್ನ ತಲ್ಯಾಗ ಗರಿ ಅದಾವೇನ ಮತ್ತ?"

ಅವ್ವ ಹಿಟ್ಟಿನ ಕೈಯಲ್ಲೇ ಪಂಜರದ ಮುಂದೆ ಬಂದು ಕೂತಳು. ಮಧ್ಯಾಹ್ನದ ಬಸ್ಸಿಗೆ ಅಕ್ಕ ಬಂದುಬಿಡುತ್ತಾಳೆ. ಅಷ್ಟರಲ್ಲಿ ಬೂದ್ಯಾ ಸತ್ತರೆ, ಹಬ್ಬದ ದಿನ ಅವಳಿಗೆ ಯಾವ ಮುಖದಿಂದ ಹೇಳುವುದು? ಆಯಿ ಸೆರಗು ಸಿಕ್ಕಿಸಿಕೊಂಡಳು. ಹಬ್ಬದ ಭಜ್ಜಿಗೆಂದು ಇಟ್ಟಿದ್ದ ಕಡಲೆಹಿಟ್ಟಿನ ಡಬ್ಬಿಯನ್ನೇ ಎಳೆದುಕೊಂಡಳು. ನಾವು ಎಣ್ಣೆ ತಲೆ ತೊಳೆಯುತ್ತಿದ್ದುದೇ ಆ ಹಿಟ್ಟಿನಿಂದ. ನನ್ನ ಮಡಿಲಲ್ಲಿ ಹಕ್ಕಿ ಇಡಿಸಿ, ಗರಿ ಗರಿಯ ನಡುವೆ ಒಣ ಹಿಟ್ಟು ಉದುರಿಸಿ, ಎಣ್ಣೆ ಹೀರಿದ ಮೇಲೆ ಝಾಡಿಸಿ, ಉಗುರು ಬೆಚ್ಚಗಿನ ನೀರು ಹಾಕಿ, ಮತ್ತೆ ಹಿಟ್ಟು, ಮತ್ತೆ ನೀರು.

ಚಕ್ಕಡಿಗೆ ಎತ್ತು ಹೂಡಲು ಬಂದ ಅಪ್ಪ ಬಾಗಿಲಲ್ಲಿ ನಿಂತು ನೋಡಿದ. "ಎಣ್ಣಿ ಆತು, ಕಡ್ಲಿ ಹಿಟ್ಟ ಆತು. ಇನ್ನ ಬಾಣಲಿಗೆ ಬಿಡೂದೊಂದ ಉಳದೈತಿ ನೋಡು" ಎಂದ. ಅವ್ವನಿಗೆ ಅಳುವಿನ ನಡುವೆ ನಗು ಬಂತು. "ಸುಮ್ನ ಇರ್ರಿ ನೀವು" ಎಂದು ಮೂಗು ಒರೆಸಿಕೊಂಡಳು.

ನಮ್ಮ ಮನೆ ದಪ್ಪ ಮಣ್ಣಿನ ಗೋಡೆಯದು. ಚಳಿಗಾಲದಲ್ಲಿ ಒಳಗೆ ಬಾವಿಯಷ್ಟು ತಂಪು. "ಬಿಸಲ ಹೊಲದಾಗ ಐತಿ, ಮನ್ಯಾಗಿಲ್ಲ. ಕೂಸಿನ್ನೂ ಹಕ್ಕೀನೂ ಚಕ್ಕಡ್ಯಾಗ ಹತ್ತಸು" ಎಂದು ಆಯಿ ಅಪ್ಪನಿಗೆ ಹೇಳಿದಳು. ಹಸಿ ಹಕ್ಕಿಯನ್ನು ಅಕ್ಕನ ಹಳೆಯ ಕುಪ್ಪಸದಲ್ಲಿ ಸುತ್ತಿ ನನ್ನ ಎದೆಗೆ ಕಟ್ಟಿದಳು, ಮೇಲೆ ಕಂಬಳಿ ಹೊದಿಸಿದಳು.

ಆ ದಾರಿ ನನಗೆ ಕನಸಿನ ಹಾಗೆ ನೆನಪಿದೆ. ಎತ್ತಿನ ಕೊರಳ ಗೆಜ್ಜೆ, ಬುಟ್ಟಿಯಲ್ಲಿನ ಸಜ್ಜೆ ರೊಟ್ಟಿಯ ಎಳ್ಳಿನ ವಾಸನೆ, ಅಕ್ಕಪಕ್ಕ ಲಿಂಬೆ ತೋಟಗಳ ಹುಳಿಗಾಳಿ. ಹೊಲದ ಬನ್ನಿ ಮರದ ಬುಡದಲ್ಲಿ, ಬಿಸಿಲು ಬೀಳುವ ಕಡೆ, ನನ್ನನ್ನು ಕೂರಿಸಿದರು. ಎದುರಿಗೆ ಕಪ್ಪು ನೆಲ, ಅದರ ಮೇಲೆ ನನಗಿಂತ ಎತ್ತರದ ಜೋಳ. ಗಾಳಿ ಬಂದಾಗ ಇಡೀ ಹೊಲ ಒಂದು ಕಡೆ ವಾಲಿ, ನೆನಪಾದಂತೆ ಮತ್ತೆ ನೆಟ್ಟಗಾಗುತ್ತಿತ್ತು. ದೂರದಲ್ಲಿ ಯಾರದೋ ಹೊಲದಲ್ಲಿ ಹಕ್ಕಿ ಓಡಿಸುವ ಕೂಗು, ನಿದ್ದೆಯಲ್ಲಿ ಕೇಳಿದಂತೆ. ಬಿಸಿಲಿಗೆ ಬೆಚ್ಚಗಾದ ಮರದ ಬೊಡ್ಡೆಗೆ ಒರಗಿ ನನ್ನ ಕಣ್ಣು ಮುಚ್ಚಿ ಮುಚ್ಚಿ ಬರುತ್ತಿದ್ದವು. ಕಂಬಳಿಯೊಳಗೆ ಒಂದು ಸಣ್ಣ ಎದೆ ಜೋರಾಗಿ ಬಡಿಯುತ್ತಿತ್ತು. ನನ್ನದೋ ಅದರದೋ ಆಗಾಗ ತಿಳಿಯುತ್ತಿರಲಿಲ್ಲ. ಬಡಿತ ನಿಂತಂತಾದಾಗಲೆಲ್ಲ ಬೆಚ್ಚಿ ಎದ್ದು ಮುಟ್ಟಿ ನೋಡುತ್ತಿದ್ದೆ. ಹೀಗೆ ಎಷ್ಟು ಹೊತ್ತು ಹೋಯಿತೋ, ಗಂಟಲ ಬಳಿ ಏನೋ ಗರಗರ ಎಂದಿತು. ನೋಡಿದರೆ ಬೂದ್ಯಾ ತಲೆ ಹೊರಗೆ ಹಾಕಿ ಒಂದೊಂದೇ ಗರಿಯನ್ನು ಕೊಕ್ಕಿನಿಂದ ಬಿಡಿಸಿಕೊಳ್ಳುತ್ತಿತ್ತು. ಒಂದು ಶೇಂಗಾ ಕೊಟ್ಟೆ. ಹಿಡಿದುಕೊಂಡಿತು, ತಿನ್ನಲಿಲ್ಲ.

ಅಷ್ಟರಲ್ಲಿ ಜೋಳದ ನಡುವಿನಿಂದ ಹಸಿರು ಸೀರೆ ಬಂತು. ಅಕ್ಕ. ಹಿಂದೆ ಹೊಸ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಅವಳ ಗಂಡ, ನಮ್ಮ ಮಾವ. ಅವಳು ಯಾರನ್ನೂ ಮಾತಾಡಿಸದೆ ನೇರ ನನ್ನ ಹತ್ತಿರ ಬಂದು ಕೂತಳು, ಬೆರಳು ಚಾಚಿದಳು. ಬೂದ್ಯಾ ಅವಳನ್ನು ಒಂದೇ ಕಣ್ಣಿನಿಂದ ನೋಡಿತು. ಆಮೇಲೆ ಬೆನ್ನು ತಿರುಗಿಸಿ ನನ್ನ ಕಂಬಳಿಯೊಳಗೆ ಮುಖ ಹುದುಗಿಸಿತು.

"ಸಿಟ್ಟ ಬಂದೈತೇನೋ ಬೂದ್ಯಾ?" ಎಂದಳು ಅಕ್ಕ. "ನಾ ಏನ ನನ್ನ ಮನಸಿಲೆ ಬಿಟ್ಟ ಹೋಗೇನೇನು?"

ಅವ್ವ ಬುಟ್ಟಿ ಬಿಚ್ಚುವ ನೆಪದಲ್ಲಿ ಆ ಕಡೆ ತಿರುಗಿಕೊಂಡಳು. ಬೋಳು ಎದೆ ನೋಡಿ ಅಕ್ಕ ಅಳಲಿಲ್ಲ. ಬೆರಳನ್ನು ಹಿಂದಕ್ಕೂ ತೆಗೆಯಲಿಲ್ಲ. ಹಾಗೇ ಚಾಚಿಕೊಂಡು ಕೂತಳು.

ಅಪ್ಪ ಚರಗ ಚೆಲ್ಲಲು ಎದ್ದ. ಚರಗ ಎಂದರೆ ಭೂಮಿಗೆ ಬಡಿಸುವ ಊಟ. ಕಡಬು, ಪಲ್ಯ, ರೊಟ್ಟಿ ಎಲ್ಲ ಕಲಸಿ, ಬದುವಿನ ಗುಂಟ ಎರಚುತ್ತ, ಹುಲ್ಲುಲ್ಲಿಗ್ಯೋ ಎಂದು ಅಪ್ಪ ಚರಗದ ಕೂಗು ಹಾಕಿದ. ಚಲ್ಲಂಬ್ರಿಗ್ಯೋ ಎಂದು ಮಾವ ಹಿಂದೆ ಕೂಗಿದ. ಕೂಗು ಹೊಲ ಸುತ್ತಿ ಬಂದು ಮುಗಿಯಿತು. ಮುಗಿದ ಮೇಲೆ ಗಾಳಿಯೂ ನಿಂತಿತು.

ಆಗ ನನ್ನ ಎದೆಯೊಳಗಿಂದ ಯಾರೋ ಕೆಮ್ಮಿದರು. ಖೊರ್ ಖೊರ್. ಸುಸ್. ಆಮೇಲೆ, ಆ ಒಣ ಹೊಲದ ನಡುವೆ, ಟಪ್... ಟಪ್... ಟಪ್.

ಮೇವು ತಿನ್ನುತ್ತಿದ್ದ ಎತ್ತುಗಳು ತಲೆಯೆತ್ತಿ ಕಿವಿ ನಿಮಿರಿಸಿದವು. ಮಾವ ಸುತ್ತಮುತ್ತ ನೋಡಿ, "ನೀರ ಎಲ್ಲೈತ್ರೀ ಇಲ್ಲಿ?" ಎಂದ. ಅಕ್ಕ ನಕ್ಕುಬಿಟ್ಟಳು. ಆ ನಗು ಕೇಳಿದ್ದೇ ಬೂದ್ಯಾ ಹೊರಬಂದು, ಚಾಚಿದ್ದ ಬೆರಳನ್ನು ಮೊದಲು ಒಂದು ಸಲ ಕಚ್ಚಿತು, ಆಮೇಲೆ ಹತ್ತಿ ಕೂತಿತು. ಅವಳ ಕೈಯಲ್ಲಿ ರಕ್ತ ಬಂತು. ಅವಳು ಅಲುಗಾಡಲಿಲ್ಲ.

"ನಿಮ್ಮವ್ವ ಇದನ್ನ ಭಜ್ಜಿ ಮಾಡಾಕ ಹೋಗಿದ್ಲು, ಕೇಳಿಲ್ಲಿ" ಎಂದು ಆಯಿ ಕಥೆ ಶುರು ಮಾಡಿದಳು.

ಊಟವಾದ ಮೇಲೆ ಅಕ್ಕ ನನ್ನನ್ನು ಕೇಳಿದಳು, "ನಮ್ಮತ್ತಿ ಹಕ್ಕೀನ ತಗೊಂಡ ಬಾ ಅಂದಾಳ. ಒಯ್ಯಲೇನು?" ಇಷ್ಟು ದಿನ ಹೊಲಸು ಬಳಿದವಳು ನಾನು. ಅವತ್ತು ಮೊದಲ ಸಲ ಅದು ನನ್ನ ಎದೆಯಲ್ಲಿ ಮುಖ ಮುಚ್ಚಿಕೊಂಡಿತ್ತು. ಆದರೆ ಅದು ಯಾರ ಹಕ್ಕಿ ಎಂದು ಅದೇ ಹೇಳಿಯಾಗಿತ್ತು. ಒಯ್ಯಿ ಎಂದೆ. ಅಳು ಬಂತಾ ಎಂದು ಕೇಳಬೇಡಿ. ಬಂತು. ಶೇಂಗಾ ಹೋಳಿಗೆ ತಿನ್ನುತ್ತ ಅತ್ತೆ, ತಿಂದು ಮುಗಿದ ಮೇಲೆ ನಿಲ್ಲಿಸಿದೆ. ಬಾಗೇವಾಡಿಯಲ್ಲಿ ಅದರ ಎದೆಗೆ ಮತ್ತೆ ಗರಿ ಬಂದವು. ನಮ್ಮ ಪಡಸಾಲೆಯಲ್ಲಿ ನಸುಕಿಗೆ ಮತ್ತೆ ಹನಿ ಬೀಳಲಿಲ್ಲ.

ಮೊಮ್ಮಕ್ಕಳೇ, ಈಗ ಮುದ್ದೇಬಿಹಾಳದ ನಮ್ಮ ಮನೆಯಲ್ಲಿ ನಿಮ್ಮದೊಂದು ಬೂದಿ ಗಿಳಿ ಇದೆ. ಕಾಗದಪತ್ರ ಸಮೇತ ಬಂದಿದೆ. ನೀವಿಟ್ಟ ಹೆಸರು ನನ್ನ ಬಾಯಲ್ಲಿ ಹೊರಳುವುದಿಲ್ಲ, ನನಗದು ಬೂದ್ಯಾ. ಸ್ಟೀಲಿನ ಪಂಜರ, ಪಾಕೀಟಿನ ಕಾಳು, ಆಡಲು ಗಿಲಕಿ, ಸೀನಿದರೆ ಮೊಬೈಲಿನಲ್ಲಿ ನೋಡುವ ಡಾಕ್ಟರು. ಎಲ್ಲ ಛಲೋ. ಡಾಕ್ಟರಿಗೆ ಕೇಳದೆ ಏನೂ ಹಚ್ಚಬೇಡಿ, ಚಾಕಲೇಟು ಕೊಡಬೇಡಿ, ಸಂಜೆಯಾದರೆ ಟಿವಿ ಆರಿಸಿ ಬಟ್ಟೆ ಹೊದಿಸಿ. ರಜೆಗೆ ಊರಿಗೆ ಹೋದರೆ ಅದಕ್ಕೆಂದು ಒಬ್ಬರು ಮನೆಯಲ್ಲಿರಿ. ಇಷ್ಟು ಮಾಡಿದರೆ ಮಾತು ಕಲಿಸುವ ಗೊಡವೆಯೇ ಬೇಡ. ಮನೆಯಲ್ಲಿ ಏನಿದೆಯೋ ಅದನ್ನು ಅದು ಕಲಿಯುತ್ತದೆ. ಮಿಕ್ಸರ್ ಕಲಿತಿದೆ, ಫೋನಿನ ರಿಂಗು ಕಲಿತಿದೆ.

ಮೊನ್ನೆಯಿಂದ ನಳ ಕಲಿತಿದೆ. ನಸುಕಿನಲ್ಲಿ ಅದು ಖೊರ್ ಖೊರ್ ಎಂದು ಕೆಮ್ಮಿದರೆ ನೀರು ಬಂತೆಂದು ನಿಮ್ಮವ್ವ ಕೊಡ ಹಿಡಿದು ಓಡುತ್ತಾಳೆ, ನೀವು ಕಣ್ಣು ತಿಕ್ಕುತ್ತ ಬಕೆಟ್ ಹಿಡಿದು ಹಿಂದೆ. ನಳ ಒಣಗಿರುತ್ತದೆ. ಹಕ್ಕಿಗೆ ಬೈದು ಬಂದು ಮಲಗುತ್ತೀರಿ. ಅದು ನಳವಲ್ಲ, ಹಕ್ಕಿ ಎಂದು ಗೊತ್ತಿದ್ದೂ ಅಜ್ಜಿ ಯಾಕೆ ಹೇಳುವುದಿಲ್ಲ ಎಂದು ಕೇಳಿದಿರಲ್ಲ. ಹೇಳಿದರೆ ಮೊದಲ ಕೆಮ್ಮಿಗೇ ಅದನ್ನು ಗದರಿಸಿ ಸುಮ್ಮನಾಗಿಸುತ್ತೀರಿ. ನೀವು ಓಡಾಡುವಷ್ಟು ಹೊತ್ತು ನಾನು ಕೌದಿಯೊಳಗೆ ಅಲುಗಾಡದೆ ಮಲಗಿರುತ್ತೇನೆ. ಟಪ್... ಟಪ್... ಕಣ್ಣು ಮುಚ್ಚಿದರೆ ಜೋಳ ಒಂದು ಕಡೆ ವಾಲುತ್ತದೆ. ಎತ್ತುಗಳು ಮೇವು ಬಿಟ್ಟು ತಲೆಯೆತ್ತುತ್ತವೆ.