ಮಡ್ಡಿಯ ಕಡೆಗೆ ಎಳೆದ ಗೆರೆ

ಟೋಪಿ ತೆಗೆದರೆ ನಮ್ಮ ಸಾಹೇಬರ ಹಣೆ ಎರಡು ಬಣ್ಣದ್ದು. ಹುಬ್ಬಿನ ಮೇಲೆ ಎರಡು ಬೆರಳಿನಷ್ಟು ಜಾಗ ಬಿಸಿಲಿಗೆ ಸುಟ್ಟು ಕರ್ರಗಾಗಿತ್ತು. ಅದರ ಮೇಲೆ, ಟೋಪಿ ಕೂರುವಲ್ಲಿ, ಎಳೆ ಕೂಸಿನ ಹಣೆಯ ಹಾಗೆ ಬೆಳ್ಳಗೆ. ಇಪ್ಪತ್ತು ವರ್ಷ ಬಯಲಲ್ಲಿ ಸರ್ವೆ ಮಾಡಿದ ಗುರುತು ಅದು. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಮಾತ್ರ ಟೋಪಿ ತೆಗೆದು ಮೇಜಿನ ಮೇಲಿಡುತ್ತಿದ್ದರು. ಕಿಟಕಿಯ ಕಡೆ ಮುಖ ಮಾಡಿ ಒಬ್ಬರೇ ಉಣ್ಣುವರು. ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ. ಆಫೀಸಿನಲ್ಲಿ ಹನ್ನೊಂದು ಜನ ಇದ್ದೆವು. ಅವರ ಜೊತೆ ಕೂತು ಉಂಡವರನ್ನು ನಾನು ನೋಡಲಿಲ್ಲ. ಬಹಳ ದಿನ ನಾನೂ ಕೂರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಎಂಬತ್ತರ ದಶಕದ ನಡುವಿನ ಮಾತು. ಹಳ್ಳಿಗಳಿಗೆ ಕುಡಿಯುವ ನೀರಿನ ಯೋಜನೆ ಮಾಡುವ ಚಿಕ್ಕೋಡಿಯ ಒಂದು ಆಫೀಸಿಗೆ ನಾನು ಟ್ರೇಸರ್ ಆಗಿ ಬಂದಿದ್ದೆ. ಟ್ರೇಸರ್ ಅಂದರೆ ಇಂಜಿನಿಯರು ಪೆನ್ಸಿಲಿನಲ್ಲಿ ಮಾಡಿದ ನಕ್ಷೆಯ ಮೇಲೆ ಪಾರದರ್ಶಕ ಹಾಳೆ ಹಾಸಿ, ಕಪ್ಪು ಶಾಯಿಯಲ್ಲಿ ಗೆರೆಗೆ ಗೆರೆ ಇಳಿಸುವವಳು. ತಪ್ಪಿದರೆ ಬ್ಲೇಡಿನಿಂದ ಕೆರೆಯಬೇಕು. ಕುತ್ತಿಗೆ ಹಿಡಿಯುವ ಕೆಲಸ. ಧಾರವಾಡದಲ್ಲಿ ಅವ್ವ, ಇಬ್ಬರು ತಂಗಿಯರು. ಅವರ ಅನ್ನ ನನ್ನ ಈ ನೌಕರಿಯ ಮೇಲೆ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಬಾಡಿಗೆಗೆ ಒಂದು ಕೋಣೆ ಹಿಡಿದಿದ್ದೆ. ಒಂಟಿ ಹುಡುಗಿ ಅಂತ ಓಣಿಯವರು ನನ್ನನ್ನು ನೋಡುತ್ತಿದ್ದರು, ಮಾತಾಡಿಸುತ್ತಿರಲಿಲ್ಲ. ಭಾನುವಾರ ಬಂದರೆ ನನ್ನ ದನಿ ನನಗೇ ಕೇಳಲೆಂದು ಬಕೆಟ್ಟಿನ ಜೊತೆ ಮಾತಾಡಿದ್ದುಂಟು. ನಗಬೇಡಿ, ಒಂಟಿ ಇದ್ದವರಿಗೆ ಗೊತ್ತು.

ಸಾಹೇಬರು ನಿಪ್ಪಾಣಿ ಕಡೆಯವರು. ಮನೆಮಾತು ಮರಾಠಿ, ಆಫೀಸಿನಲ್ಲಿ ಕನ್ನಡ. ಹೊಸ ಕೆಲಸ ಅಂತ ಬಂದರೆ ಬೇರೆ ಇಂಜಿನಿಯರುಗಳು ಮೊದಲು ಅಂದಾಜುಪಟ್ಟಿಗೆ ಕೈಹಾಕುತ್ತಾರೆ. ಇವರು ಒಂದು ಉದ್ದನೆಯ ಹಾಳೆ ತೆಗೆದು ಮೇಲೆ ಬರೆಯುತ್ತಿದ್ದರು: ‘ಈ ಕೆಲಸದಲ್ಲಿ ಆಗದೇ ಇರುವಂಥದು.’ ನೀರು ಯಾವ ಊರಿಗೆ ಮುಟ್ಟುವುದಿಲ್ಲ, ಯಾವ ಓಣಿ ಹೊರಗುಳಿಯುತ್ತದೆ, ದನಗಳಿಗೆ ತೊಟ್ಟಿ ಇದೆಯೋ ಇಲ್ಲವೋ, ಎಲ್ಲ. ಬರೆಯುತ್ತ ಬರೆಯುತ್ತ ಒಂದು ಕಡೆ ಪೆನ್ನು ನಿಲ್ಲಿಸಿ, “ಬಸ್, ಇಥಂಚ ಥಾಂಬಾ” ಎಂದು ತಮಗೆ ತಾವೇ ಅನ್ನುವರು. ಇಲ್ಲಿಗೇ ನಿಲ್ಲಿ ಅಂತ. ಆ ಹಾಳೆ ಪೂರ್ತಿ ಆಗುವವರೆಗೆ ಆಗುವ ಕೆಲಸದ ಒಂದು ಗೆರೆಯನ್ನೂ ಎಳೆಯಲು ಬಿಡುತ್ತಿರಲಿಲ್ಲ.

ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಆ ಹಾಳೆ ಹಿಡಿದು, ಹೊರಗುಳಿದ ಊರುಗಳಿಗೆ ತಾವೇ ಹೋಗಿ, ಜನರನ್ನು ಕೂಡಿಸಿ ಓದಿ ಹೇಳುತ್ತಿದ್ದರು. ನಮ್ಮ ಹೆಡ್ ಕ್ಲಾರ್ಕು ಬಿದ್ದು ಬಿದ್ದು ನಗುತ್ತಿದ್ದ. “ಮಂದಿ ಲಗ್ನಕ್ಕ ಕರಿಯಾಕ ಹೋಗ್ತಾರ. ನಮ್ಮ ಸಾಹೇಬ್ರು ನಿಮ್ಮನ್ನ ಕರಿಯಾಂಗಿಲ್ಲ ಅಂತ ಹೇಳಾಕ ಹೋಗ್ತಾರ ನೋಡ್ರಿ!” ನಾವೂ ನಗುತ್ತಿದ್ದೆವು. ಹಾಗೆ ಹೋದಲ್ಲೆಲ್ಲ ಬೈಸಿಕೊಂಡು ಬರುತ್ತಿದ್ದರು. ಇಡೀ ಸೀಮೆಯಲ್ಲಿ ಅವರನ್ನು ಒಂದು ಮದುವೆಗೆ, ಒಂದು ಸೀಮಂತಕ್ಕೆ ಕರೆದವರಿಲ್ಲ.

ನಾನು ಸೇರಿದ ವರ್ಷ ರಾಯಬಾಗದ ಕಡೆ ನಾಲ್ಕು ಊರುಗಳಿಗೆ ಕೂಡಿ ಒಂದು ಯೋಜನೆ ಶುರುವಾಯಿತು. ಹೊಳೆಯ ದಂಡೆಯಲ್ಲಿ ಬಾವಿ, ಅಲ್ಲಿಂದ ಪಂಪು, ಒಂದು ಎತ್ತರದ ನೀರಿನ ಟಾಕಿ, ಟಾಕಿಯಿಂದ ನಾಲ್ಕು ಊರಿಗೆ ಪೈಪು. ಸಾಹೇಬರು ನಕ್ಷೆಯನ್ನು ನನ್ನ ಮುಂದೆ ಹಾಸಿ, “ಗಡಿಗೆರಿ ಚಲೋ ದಪ್ಪ ಬರ್ಲಿ ಬಾಯಾರ” ಅಂದರು. ಗಡಿಗೆರೆ ಅಂದರೆ ಯೋಜನೆಯ ನೀರು ಎಲ್ಲಿಯವರೆಗೆ ಎಂದು ತೋರಿಸುವ ಗೆರೆ.

“ಕೆಟ್ಟ ಸುದ್ದೀನ ಅಷ್ಟ ದಪ್ಪ ಬರದ ಹೇಳಬೇಕೇನ್ರಿ?” ಅಂದೆ. ನನ್ನ ಬಾಯಿ ಆಗಲೂ ಹಾಗೇ.

ಸಿಟ್ಟಾಗಲಿಲ್ಲ. “ತೆಳ್ಳಗ ಹೇಳಿದ್ರ ಮಂದಿ ಆಸೆ ಇಟಗೋತಾರ್ರಿ. ಆಸೆ ಇಟಗೊಂಡು ಕುಂತವರಿಗೆ ಬ್ಯಾರೆ ಹಾದಿ ಕಾಣೂದಿಲ್ಲ.”

ನನಗೆ ಅದು ಕಲ್ಲುಮನಸ್ಸಿನ ಮಾತು ಅನಿಸಿತು.

ಆ ದಿನಗಳಲ್ಲಿ ನನ್ನ ಕೋಣೆಯ ಬಾಗಿಲು ಬಡಿಯುತ್ತಿದ್ದ ಜೀವ ಒಂದೇ. ಮೊಸರಿನ ಆಯಿ. ವಾರಕ್ಕೆ ಎರಡು ಸಲ ಬಸ್ಸು ಹತ್ತಿ ಮೊಸರು ಮಾರಲು ಚಿಕ್ಕೋಡಿಗೆ ಬರುವಳು. ಗಡಿಗೆ ಬರಿದಾದ ಮೇಲೆ ನನ್ನ ಹೊಸ್ತಿಲ ಮೇಲೆ ಕೂತು ಚಹಾ ಕುಡಿಯುವಳು. “ಒಬ್ಬಾಕಿನ ಹೆಂಗ ಇರ್ತೀಯವ್ವಾ” ಎಂದು ನನ್ನ ತಲೆ ನೇವರಿಸಿದ ಏಕೈಕ ಕೈ ಅವಳದು. ಅವಳು ಮಡ್ಡಿ ವಸ್ತಿಯವಳು. ಮಡ್ಡಿ ಅಂದರೆ ಎತ್ತರದ ಕಲ್ಲುನೆಲ. ಅಲ್ಲಿ ಮೂವತ್ತು ಮನೆ. ಟಾಕಿ ಬರುವ ಜಾಗಕ್ಕೆ ಹತ್ತಿರವೇ, ಆದರೆ ನಮ್ಮ ಗಡಿಗೆರೆಯ ಹೊರಗೆ. ಹೆಂಗಸರು ಅರ್ಧ ದಿನ ನಡೆದು ನೀರು ತರುತ್ತಿದ್ದರು. ಹಾಗಾಗಿ ವಸ್ತಿಯವರೆಲ್ಲ ಪಾಳಿ ಹಚ್ಚಿಕೊಂಡು ಬಂಡೆ ಒಡೆದು ಬಾವಿ ತೋಡುತ್ತಿದ್ದರು. ಮಳೆಗಾಲದೊಳಗೆ ನೀರು ಕಾಣಬೇಕು. ಮಳೆ ಬಿದ್ದರೆ ಎಲ್ಲರೂ ಹೊಲಕ್ಕೆ ಇಳಿಯುತ್ತಾರೆ, ತೋಡುವವರು ಇರುವುದಿಲ್ಲ, ಇನ್ನೊಂದು ವರ್ಷ ಹೋಯಿತು.

ಒಂದು ದಿನ ಆಯಿ ಕೇಳಿದಳು: “ಯವ್ವಾ, ನೀ ಬರಿಯೂ ಹಾಳ್ಯಾಗ ನಮ್ಮ ವಸ್ತಿ ಐತೇನಬೇ?”

ಇಲ್ಲ ಅನ್ನಲು ನಾಲಿಗೆ ಹೊರಳಲಿಲ್ಲ. ನಕ್ಷೆಯಲ್ಲಿ ಟಾಕಿಯಿಂದ ಮಡ್ಡಿ ವಸ್ತಿ ಬರೀ ಒಂದು ಇಂಚು ದೂರ. ಒಂದು ಇಂಚಿಗೆ ಈ ಮುದುಕಿಯನ್ನು ಹೊರಗಿಡುವುದೇ ಅನ್ನಿಸಿತು. ನಾನು ಅಲ್ಲಿಯವರೆಗೆ ಒಮ್ಮೆಯೂ ಬಯಲಿಗೆ ಹೋದವಳಲ್ಲ. ನನ್ನ ಜಗತ್ತೆಲ್ಲ ಚಪ್ಪಟೆ ಹಾಳೆ. ಮಾರನೆಯ ದಿನ ಆಫೀಸಿನಲ್ಲಿ ಆ ನಕ್ಷೆಯ ಹಾಳಾದ ಒಂದು ಪ್ರಿಂಟು ತೆಗೆದುಕೊಂಡು, ಟಾಕಿಯಿಂದ ಮಡ್ಡಿಯವರೆಗೆ ಶಾಯಿಯಲ್ಲಿ ತುಂಡುಗೆರೆ ಎಳೆದೆ. ನಮ್ಮಲ್ಲಿ ತುಂಡುಗೆರೆ ಅಂದರೆ ಮುಂದೆ ಯಾವಾಗಲೋ ಆದರೆ ಆದೀತು ಅಂತ. ಆ ಪ್ರಿಂಟು ಆಯಿಗೆ ಕೊಟ್ಟೆ. “ಇವತ್ತಲ್ಲ ನಾಳೆ ಬಂದೀತು” ಅಂದೆ. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಸೆರಗಿನಲ್ಲಿ ಸುತ್ತಿಕೊಂಡಳು. ನನಗೆ ಎಷ್ಟು ಹಿಗ್ಗು ಆಯಿತೆಂದರೆ, ಆ ಸಂಜೆ ಒಬ್ಬಳೇ ಕೂತು ಶಿರಾ ಮಾಡಿಕೊಂಡು ತಿಂದೆ!

ಸಾಹೇಬರು ಹೊಳೆಯ ದಂಡೆಯ ಕೆಲಸದಲ್ಲಿ ಸಿಕ್ಕಿಕೊಂಡು, ಮಡ್ಡಿಗೆ ಹೋಗುವುದು ಒಂದು ತಿಂಗಳು ತಡವಾಯಿತು. ಹೋಗಿ ಬಂದ ದಿನ ನನ್ನ ಮೇಜಿನ ಎದುರು ನಿಂತರು. ಟೋಪಿ ಕೈಯಲ್ಲಿತ್ತು.

“ಬಾಯಾರ, ಮಡ್ಡಿ ವಸ್ತಿ ಗುಡಿಯೊಳಗ ನಮ್ಮ ನಕಾಶಿಗೆ ಅರಿಶಿಣ ಕುಂಕುಮ ಹಚ್ಚಿ ಪೂಜಿ ಮಾಡಾಕತ್ತಾರ. ಬಾಂವಿ ತೋಡೂದು ಬಿಟ್ಟ ಇಪ್ಪತ್ತೈದು ದಿನ ಆತಂತ.”

ಮಡ್ಡಿಗೆ ಗೆರೆ ಎಳೆದವರು ಯಾರು ಅಂತ ಅವರು ಕೇಳಲಿಲ್ಲ. ಗೆರೆ ನೋಡಿದರೆ ಯಾವ ಕೈ ಎಂದು ಗುರುತಿಸುವ ಮನುಷ್ಯ.

“ಮುಂದ ಕೊಟ್ರ ಆತಲ್ರಿ, ಒಂದ ಇಂಚ ಐತಿ” ಎಂದು ತೊದಲಿದೆ.

“ಇಂಚಿನ ಮಾತಲ್ರಿ. ಟಾಕಿ ತಳಕ್ಕಿಂತ ಆ ವಸ್ತಿ ಇಪ್ಪತ್ತ ಫೂಟ ಮ್ಯಾಲೈತಿ. ನೀರ ಮ್ಯಾಲ ಹತ್ತತಾವೇನ್ರಿ? ನಾಳೆ ನನ್ನ ಜೋಡಿ ಬರ್ರಿ. ಗೆರಿ ಮಾತ ನೀವ ಹೇಳ್ರಿ. ನಾ ಬಾಜೂಕ ನಿಂದರ್ತೀನಿ.”

ಬೆಳಿಗ್ಗೆ ಬಸ್ಸಿನಲ್ಲಿ ಹೋದೆವು. ಇಳಿದು ಏರು ಹತ್ತುವಾಗ ನನ್ನ ಕಾಲಿಗೇ ತಿಳಿಯಿತು ಅದು ಎಷ್ಟು ಎತ್ತರವೆಂದು. ತಿರುಗಿ ನೋಡಿದರೆ ಟಾಕಿ ಕಟ್ಟಲು ಗುರುತು ಹಾಕಿದ ಜಾಗ ಎಲ್ಲೋ ಕೆಳಗೆ ಕಾಣುತ್ತಿತ್ತು. ಗುಡಿಯ ಮುಂದೆ ಜನ ಕೂಡಿದ್ದರು. ಆಯಿ ನನ್ನನ್ನು ನೋಡಿ ಬಾಯ್ತುಂಬ ನಕ್ಕಳು. “ನಮ್ಮ ಬಾಯಾರು ಬಂದಾರ ನೋಡ್ರಿ” ಎಂದು ಎಲ್ಲರಿಗೂ ಹೇಳಿದಳು. ಅವಳ ಮಗ, ಇಪ್ಪತ್ತೈದರ ಗಟ್ಟಿಮುಟ್ಟಾದ ಆಳು, ಕಂಬಳಿ ಹಾಸಿದ.

ಸಾಹೇಬರು ಟಾಕಿಯ ಎತ್ತರ, ವಸ್ತಿಯ ಎತ್ತರ ವಿವರಿಸಿದರು. ಈ ಯೋಜನೆಯಲ್ಲಿ ನೀರು ಇಲ್ಲಿಗೆ ಬರುವುದಿಲ್ಲ, ಬಾವಿ ಬಿಡಬೇಡಿ ಅಂದರು. ಆಯಿಯ ಮಗ ಗುಡಿಯೊಳಗಿಂದ ಪ್ರಿಂಟು ತಂದು ಹರವಿದ. “ಮತ್ತ ಈ ಗೆರಿ ಏನ್ರಿ? ಇದನ್ನ ಯಾರ ಎಳದ್ರು?”

ಸಾಹೇಬರು ನನ್ನ ಕಡೆ ನೋಡಿದರು. ನಾನು ಬಾಯಿ ತೆರೆದೆ. ಅವ್ವ, ತಂಗಿಯರು, ಕಾಯಂ ಆಗದ ನೌಕರಿ, ಅಷ್ಟು ಜನರ ಕಣ್ಣು. ದನಿ ಹೊರಡಲಿಲ್ಲ. ಅವರು ಕಾದರು, ಬಹಳ ಹೊತ್ತು ಕಾದರು. ಆಮೇಲೆ ಅವರೇ ಅಂದರು: “ಗೆರಿ ನಂದ. ತಪ್ಪಾಗೈತಿ.”

ಗೆರೆ ಯಾರದೆಂದು ಆಯಿಗೆ ಗೊತ್ತಿತ್ತು. ಅವಳು ನನ್ನ ಮುಖ ನೋಡಿದಳು, ನೆಲ ನೋಡಿದಳು, ನನ್ನ ಹೆಸರು ಎತ್ತಲಿಲ್ಲ. ಮಗ ಹಾಳೆಯನ್ನು ಹರಿದು ಸಾಹೇಬರ ಕಾಲ ಬಳಿ ಒಗೆದ. “ಲೇ, ಓದಿದಾಂವ ಆಗಿ ಹಿಂಗ ಸುಳ್ಳ ಗೆರಿ ಎಳೀತಿಯಲ್ಲ, ನಿನ್ನ ಮನ್ಯಾಗ ಹೆಣ್ಮಕ್ಕಳು ನೀರ ಹೊತ್ತಿಲ್ಲೇನಲೇ?” ಎಂದ. ಇನ್ನೂ ಏನೇನೋ ಅಂದ, ಬರೆಯಲಾರೆ. ಸಾಹೇಬರು ಟೋಪಿ ತೆಗೆದು ನಿಂತು ಎಲ್ಲ ಕೇಳಿಸಿಕೊಂಡರು. ಹೊರಡುವಾಗ ಆಯಿ ಒಂದು ತಂಬಿಗೆ ನೀರು ತಂದು ನನ್ನ ಕೈಗೆ ಕೊಟ್ಟಳು. ಸಾಹೇಬರಿಗೆ ಯಾರೂ ಕೊಡಲಿಲ್ಲ. ಅರ್ಧ ದಿನ ನಡೆದು ತಂದ ನೀರು ಅದು. ನಾನು ಕುಡಿದೆ. ಅವರಿಗೂ ಕೊಡಿ ಅನ್ನಲಿಲ್ಲ, ನನ್ನದನ್ನೂ ಚಾಚಲಿಲ್ಲ.

ಬಸ್ಸಿನಲ್ಲಿ ನಾನು ಅತ್ತೆ. ಅವರು ಕಿಟಕಿಯ ಹೊರಗೆ ಕಬ್ಬಿನ ಹೊಲ ನೋಡುತ್ತ ಕೂತಿದ್ದರು. ಚಿಕ್ಕೋಡಿ ಬಂದಾಗ, “ಕಣ್ಣ ವರಸ್ಕೋರಿ, ಮಂದಿ ಏನರ ತಿಳ್ಕೋತಾರ” ಅಂದರು, ಅಷ್ಟೇ.

ಅಲ್ಲಿಂದ ಮಳೆ ಬೀಳುವವರೆಗೆ ಪ್ರತಿ ಭಾನುವಾರ ಅವರು ಮಡ್ಡಿಗೆ ಹೋದರು. ವಸ್ತಿಯವರು ಮತ್ತೆ ಪಾಳಿ ಹಚ್ಚಿದ್ದರು. ಇವರು ಬಾವಿಯ ದಂಡೆಯ ಮೇಲೆ ಕೂತು, ಆಳ ಅಳೆದು, ಬಂಡೆಯ ಬಿರುಕು ನೋಡಿ ಯಾವ ಬದಿಗೆ ಒಡೆಯಬೇಕೆಂದು ಹೇಳುವರಂತೆ. ಅವರು ಹೇಳಿದ ಬದಿಗೆ ಒಡೆಯುತ್ತಿದ್ದರು. ಅವರ ಜೊತೆ ಮಾತ್ರ ಯಾರೂ ಮಾತಾಡುತ್ತಿರಲಿಲ್ಲ. ಮುಂಗಾರಿಗೆ ಒಂದು ವಾರ ಇದೆ ಅನ್ನುವಾಗ, ಒಂದು ಸೋಮವಾರ ಆಫೀಸಿಗೆ ಬಂದವರೇ ನನ್ನ ಮೇಜಿನ ಹತ್ತಿರ ನಿಂತು, “ಸೆಲಿ ಬಿತ್ರಿ” ಅಂದರು. ಬಾವಿಗೆ ನೀರು ಬಂತು ಅಂತ. ಆ ದಿನ ಅವರ ಡಬ್ಬಿಯ ಪಕ್ಕ ನನ್ನ ಡಬ್ಬಿ ಇಟ್ಟು ಕೂತೆ. ಚಟ್ನಿ ಹಂಚಿಕೊಂಡೆವು.

ಆಯಿ ಮತ್ತೆ ನನ್ನ ಬಾಗಿಲಿಗೆ ಬರಲಿಲ್ಲ. ಮಡ್ಡಿಯವರು ಬರೆದ ತಕರಾರು ಸಾಹೇಬರ ಫೈಲು ಸೇರಿತು. ಬಡ್ತಿಯ ಪಟ್ಟಿ ಬಂದಾಗ ಅವರ ಹೆಸರಿರಲಿಲ್ಲ. ಆ ತಕರಾರಿನಿಂದಲೋ, ಬೇರೆ ಕಾರಣದಿಂದಲೋ, ಕೇಳುವ ಧೈರ್ಯ ನನಗಾಗಲಿಲ್ಲ. ನನ್ನ ನೌಕರಿ ಕಾಯಂ ಆಯಿತು.

ತೊಂಬತ್ತರ ದಶಕದಲ್ಲಿ ಅವರು ನಿವೃತ್ತರಾಗಿ ನಿಪ್ಪಾಣಿಯಲ್ಲಿ ಎರಡು ಕೋಣೆಯಲ್ಲಿ ಒಬ್ಬರೇ ಇದ್ದರು. ಒಮ್ಮೆ ನೋಡಲು ಹೋದೆ. ಸ್ಟೋವ್ ಹಚ್ಚಿ ತಾವೇ ಚಹಾ ಮಾಡಿದರು. ಇದ್ದುದು ಒಂದೇ ಕಪ್ಪು. ಅದನ್ನು ನನಗೆ ಕೊಟ್ಟು ತಾವು ವಾಟಿ ಬಟ್ಟಲಲ್ಲಿ ಕುಡಿದರು. ನಾನು, “ಸಾಹೇಬ್ರ, ಅವತ್ತ ಮಡ್ಡ್ಯಾಗ…” ಎಂದು ಶುರು ಮಾಡಿದೆ.

“ನನಗ್ಯಾಕ ಹೇಳ್ತೀರಿ? ನನಗ ಗೊತ್ತೈತೆಲ್ಲ” ಅಂದರು. “ಮಡ್ಡ್ಯಾಗ ಹೇಳ್ರಿ. ಅಲ್ಲಿ ಮಂದಿ ಇನ್ನೂ ನಾ ಮೋಸ ಮಾಡೀನಿ ಅಂತಾರಂತ.” ವಾಟಿ ಕೆಳಗಿಟ್ಟು ಸೇರಿಸಿದರು: “ಮನಸಿಗಿ ಹತ್ತತೈತ್ರಿ, ಒಮ್ಮೊಮ್ಮೆ.”

ಅಷ್ಟು ವರ್ಷಗಳಲ್ಲಿ ತಮಗೆ ನೋವಾಗಿದೆ ಅಂತ ಅವರು ಅಂದದ್ದು ಅದೊಂದೇ ಸಲ. “ಹೋಗ್ತೀನ್ರಿ, ಈ ಬ್ಯಾಸಗ್ಯಾಗ ಹೋಗಿ ಹೇಳ್ತೀನ್ರಿ” ಅಂದೆ. ಆ ಬೇಸಿಗೆ ಹೋಗಲಿಲ್ಲ. ಮುಂದಿನದಕ್ಕೂ ಇಲ್ಲ. ತಂಗಿಯ ಮದುವೆ, ವರ್ಗಾವಣೆ, ಅದು ಇದು. ನೆವಗಳಿಗೇನು ಬರ?

ಕೆಲವು ವರ್ಷದ ಮೇಲೆ ಹಳೆಯ ಹೆಡ್ ಕ್ಲಾರ್ಕನಿಂದ ಒಂದು ಕಾರ್ಡು ಬಂತು. ಸಾಹೇಬರು ತೀರಿಕೊಂಡರು, ಮಣ್ಣಿಗೆ ಏಳೆಂಟು ಜನ ಇದ್ದೆವು ಎಂದು ಬರೆದಿದ್ದ. ಓದಿದ ಮರುದಿನ ರಜೆ ಹಾಕಿ ಮಡ್ಡಿಯ ಏರು ಹತ್ತಿದೆ.

ಆಯಿ ಹೋಗಿ ಐದಾರು ವರ್ಷವಾಗಿತ್ತಂತೆ. ಮಗನ ಮೀಸೆ ಹಣ್ಣಾಗತೊಡಗಿತ್ತು. ಗುರುತು ಹಿಡಿದು ಕಟ್ಟೆಯ ಮೇಲೆ ಕೂರಿಸಿದ. ನಾನು ಸುತ್ತಿ ಬಳಸಲಿಲ್ಲ. “ಆ ಗೆರಿ ನಾ ಎಳದದ್ದು. ಸಾಹೇಬ್ರದು ಏನೂ ತಪ್ಪಿಲ್ಲ. ನನ್ನ ನೌಕರಿ ಉಳೀಲಿ ಅಂತ ಅವರು ತಮ್ಮ ಮ್ಯಾಲ ಹಾಕ್ಕೊಂಡ್ರು. ನಾ ಸುಮ್ಮ ನಿಂತೆ” ಅಂದೆ.

ಅವನು ಎದ್ದು ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ.

“ನಾ ಅವರಿಗೆ ಬಾಳ ಕೆಟ್ಟ ಬೈದೀನ್ರಿ, ಬಾಯಾರ. ಅವ್ರು ಎಲ್ಲಿ ಅದಾರ್ರಿ ಈಗ? ನಡ್ರಿ, ಇವತ್ತ ಹೋಗೂಣು. ಕಾಲ ಬೀಳ್ತೀನಿ ನಾ.”

ಅವರು ತೀರಿಕೊಂಡು ಹನ್ನೊಂದು ದಿನವಾಗಿತ್ತು. ಅದನ್ನೂ ನಾನೇ ಹೇಳಬೇಕಾಯಿತು.