ಮಹಡಿಯವರು, ಕೆಳಗಿನವರು ಮತ್ತು ಡೆವ್‌ಆಪ್ಸ್

ಕೊಳ್ಳೇಗಾಲದಲ್ಲಿ ನಾನು ಕೆಲಸಕ್ಕಿರುವ ಕಂಪನಿ, ಹೊಲದ ಮೋಟರನ್ನು ಮೊಬೈಲಿನಿಂದಲೇ ಓಡಿಸಿ ನಿಲ್ಲಿಸುವ ಪೆಟ್ಟಿಗೆಗಳನ್ನು ಮಾರುತ್ತದೆ. ಪ್ರೋಗ್ರಾಂ ಬರೆಯುವ ಮೂವರು ಮಹಡಿಯ ಮೇಲೆ, ಎ.ಸಿ. ರೂಮಿನಲ್ಲಿ ಕೂರುತ್ತಿದ್ದರು. ಪೆಟ್ಟಿಗೆ ಕೂರಿಸಿ, ಕೆಟ್ಟಾಗ ರೈತರಿಂದ ಬೈಸಿಕೊಳ್ಳುವ ನಾನೂ ಇನ್ನೊಬ್ಬಳೂ ಕೆಳಗೆ, ಬ್ಯಾಟರಿ ಅಂಗಡಿಗೆ ಅಂಟಿದ ಗೂಡಿನಲ್ಲಿ. ಹೊಸದೇನಾದರೂ ಸೇರಿಸಿದರೆ ಅವರಿಗೆ ಶಹಬ್ಬಾಸ್. ಏನೂ ಬದಲಾಗದಿದ್ದರೆ ನಮಗೆ ನೆಮ್ಮದಿ. ಮೆಟ್ಟಿಲಲ್ಲಿ ಎದುರಾದರೂ ನಾವು ಮಾತಾಡುತ್ತಿರಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಅವರು ಹೊಸ ಪ್ರೋಗ್ರಾಂ ಎಲ್ಲ ಪೆಟ್ಟಿಗೆಗಳಿಗೂ ಬಿಟ್ಟು ಮನೆಗೆ ಹೋದರು. ಭಾನುವಾರ ಯಳಂದೂರು ಕಡೆಯಿಂದ ಒಂದೇ ಸಮ ಫೋನು. ಆಫ್ ಮಾಡಿದರೂ ಮೋಟರು ನಿಲ್ಲುತ್ತಿಲ್ಲ. ಮಹಡಿಯ ಮುಖ್ಯಸ್ಥನನ್ನು ಕೇಳಿದರೆ, "ನನ್ನ ಟೇಬಲ್ ಮೇಲೆ ಸರಿಯಾಗೇ ಇತ್ತಲ್ಲ" ಎಂದ. ಟೇಬಲ್ ಮೇಲೆ ಗದ್ದೆ ಮಾಡುವವರು ಯಾರು ಎಂದು ಕೇಳಬೇಕೆನಿಸಿತು.

ನಮ್ಮ ಮಾಲೀಕರು ಮೈಸೂರಿನಿಂದ ಒಬ್ಬ ತರಬೇತುದಾರನನ್ನು ಕರೆಸಿದರು. ಇಸ್ತ್ರಿ ಮಾಡಿದ ಜೀನ್ಸ್, ಕಿವಿಯಲ್ಲೊಂದು ಮೈಕು. ಇರುವ ಐವರೂ ಅವನ ಕೈಗೆಟುಕುವಷ್ಟು ಹತ್ತಿರವಿದ್ದೆವು, ಆದರೂ ಮೈಕು. "ಡೆವ್‌ಆಪ್ಸ್ ಅನ್ನೋದು ಸಾಫ್ಟ್‌ವೇರ್ ಅಲ್ಲ, ಕಲ್ಚರ್" ಎಂದ. ಕಟ್ಟುವವರು ಒಂದು ಕಡೆ, ಓಡಿಸುವವರು ಒಂದು ಕಡೆ ನಿಂತು ಜಗಳವಾಡುತ್ತಿದ್ದ ಕಾಲವೊಂದಿತ್ತಂತೆ. ಯೂರೋಪಿನಲ್ಲಿ ಇಬ್ಬರ ನಡುವೆ ಓಡಾಡಿ ಬೇಸತ್ತವನೊಬ್ಬ ಎರಡೂ ಕಡೆಯವರನ್ನು ಒಂದೇ ಕಡೆ ಸೇರಿಸಿದನಂತೆ. ಡೆವಲಪರ್‌ನ ತಲೆ, ಆಪರೇಷನ್ಸ್‌ನ ತಲೆ ಸೇರಿ ಈ ಹೆಸರು ಹುಟ್ಟಿತಂತೆ. ಸಣ್ಣ ಸಣ್ಣ ಬದಲಾವಣೆ ಮಾಡಿ, ಬೇಗ ತಪ್ಪು ತಿಳಿದುಕೊಳ್ಳಿ, ಯಾರನ್ನೂ ದೂರಬೇಡಿ. ಮಾತೇನೋ ಸರಿಯಾಗಿಯೇ ಇತ್ತು. ಆದರೆ ಮೂರು ದಿನ ಅವನು ನಮ್ಮಿಂದ ಮಾಡಿಸಿದ್ದು ಬಣ್ಣದ ಚೀಟಿಗಳನ್ನು ಗೋಡೆಗೆ ಅಂಟಿಸುವ ಕೆಲಸ. ಅವನು ಹೋಗುವಾಗ ಮಹಡಿಯ ಬಾಗಿಲಿಗೆ 'ಡೆವ್‌ಆಪ್ಸ್ ಟೀಮ್' ಎಂದು ಬೋರ್ಡ್ ಬಿತ್ತು. ನಾವು ಕೆಳಗೇ ಇದ್ದೆವು.

ಎರಡು ವಾರಕ್ಕೆ ಮತ್ತೆ ಅದೇ ಕಾಯಿಲೆ, ಈ ಸಲ ಶಾಗ್ಯದಲ್ಲಿ. ಅರಿಶಿನ ಬೆಳೆದಿದ್ದ ರೈತರೊಬ್ಬರು ಫೋನಿನಲ್ಲಿ ಆಫ್ ಒತ್ತಿ, 'ನಿಂತಿದೆ' ಎಂದು ಓದಿ, ಹನೂರಿಗೆ ಮದುವೆಗೆ ಹೋಗಿದ್ದರು. ಬರುವ ಹೊತ್ತಿಗೆ ಪಾತಿಯೆಲ್ಲ ನೀರು. ನಾನು ಮಹಡಿ ಹತ್ತಿ ಮುಖ್ಯಸ್ಥನಿಗೆ, "ಬನ್ನಿ, ಕಲ್ಚರ್ ತೋರಿಸ್ತೀನಿ" ಎಂದೆ. ನನ್ನ ಸ್ಕೂಟರಿನ ಹಿಂದೆ ಲ್ಯಾಪ್‌ಟಾಪ್ ಅಪ್ಪಿಕೊಂಡು ಕೂತ.

ಆ ರೈತರು ಬೈಯಲಿಲ್ಲ. ಅವನನ್ನು ಮೊಣಕಾಲುದ್ದ ಕೆಸರಿಗೆ ಇಳಿಸಿ ಫೋನು ಮುಂದೆ ಹಿಡಿದರು. "ಇದು ನಿಂತದೆ ಅಂತಿತ್ತು. ಅಲ್ಲಿ ಮೋಟ್ರು ಓಡ್ತಾ ಇತ್ತು. ನಾನು ಯಾವ್ದುನ್ನ ನಂಬ್ಲಿ ಸಾ?"

ಅವನು ಬದುವಿನ ಮೇಲೆ ಕೂತು ನೋಡಿದ. ಅಲ್ಲಿ ಸಿಗ್ನಲ್ ಕಮ್ಮಿ, ಒತ್ತಿದ ಆಫ್ ಪೆಟ್ಟಿಗೆಗೆ ತಲುಪಿರಲೇ ಇಲ್ಲ. ಅವನ ಟೇಬಲ್ ಮೇಲೆ ಕ್ಷಣದಲ್ಲಿ ಬರುವ, ಮೋಟರು ನಿಂತಿತೋ ಇಲ್ಲವೋ ಎಂಬ ಉತ್ತರ, ಹೊಲದ ಪೆಟ್ಟಿಗೆಯಿಂದ ಬರಲು ನಿಮಿಷಗಟ್ಟಲೆ ಬೇಕು. ಕೆಲವೊಮ್ಮೆ ಬರುವುದೇ ಇಲ್ಲ. ಉತ್ತರ ಬಾರದಿದ್ದರೆ 'ನಿಂತಿದೆ' ಎಂದೇ ತಿಳಿ ಎಂದು ಅವನು ಬರೆದಿದ್ದ.

"ಉತ್ತರ ತಡ ಆಗತ್ತೆ ಅಂತ ನಿಮಗೆ ಗೊತ್ತಿತ್ತಾ?" ಎಂದು ನನ್ನನ್ನು ಕೇಳಿದ.

"ಮೊದಲಿಂದಲೂ ಗೊತ್ತಿತ್ತು. ಯಾವ ಊರಲ್ಲಿ ಎಷ್ಟು ತಡ ಅಂತ ಬರೆದೂ ಇಟ್ಟಿದ್ದೀನಿ."

"ಮತ್ತೆ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ."

ಹೇಳುವಾಗ ಒಳಗೊಳಗೇ ಖುಷಿಯಾಗಿತ್ತು. ಆಗ ರೈತರು ನನ್ನ ಕಡೆ ತಿರುಗಿ ಮೆಲ್ಲಗೆ, "ಅಂಗಾದ್ರೆ ಇಬ್ರೂ ಸೇರ್ಕಂಡೇ ನನ್ ಅರಿಸ್ನ ಕೊಳಿಸಿದ್ರಿ ಅನ್ನವ್ವ" ಎಂದರು. ಅಲ್ಲಿಯವರೆಗೆ ಮಹಡಿಯವರ ಮೇಲೆ ನಾನು ಸಾಕಿಕೊಂಡು ಬಂದ ತಿರಸ್ಕಾರದಲ್ಲಿ ಒಂದು ಪಾಲು ಅಲ್ಲೇ ನನ್ನ ಮೇಲೇ ಬಿತ್ತು.

ಮರುದಿನ ನನ್ನ ನೋಟ್‌ಬುಕ್ ಅವನ ಮೇಜಿಗೆ ಹೋಯಿತು. ಒಂದು ವಾರಕ್ಕೆ ಅವನ ಮೇಜೇ ಕೆಳಗೆ ಬಂತು. ಈಗ ಹೊಸ ಪ್ರೋಗ್ರಾಂ ಮೊದಲು ಕೌದಳ್ಳಿಯ ಒಂದೇ ಒಂದು ಪೆಟ್ಟಿಗೆಯಲ್ಲಿ ಕೆಲವು ದಿನ ಓಡುತ್ತದೆ. ಬರೆದವನೇ ರೈತರ ಫೋನು ಎತ್ತುತ್ತಾನೆ. ಬೈಗುಳ ಕೇಳಿಸಿಕೊಂಡ ಮೇಲೆ ಶನಿವಾರ ಯಾರೂ ಏನನ್ನೂ ಬಿಡುವುದಿಲ್ಲ.

ಸುದ್ದಿ ತಿಳಿದು ತರಬೇತುದಾರ ಮತ್ತೆ ಬಂದ. ನಮ್ಮ ಗೂಡಿನಲ್ಲಿ ನಿಂತು ಫೋಟೋ ತೆಗೆಸಿಕೊಂಡು, ತನ್ನ ಮೂರು ದಿನದ ತರಬೇತಿಯ ಫಲ ಎಂದು ಎಲ್ಲೆಡೆ ಹಂಚಿದ. ಫೋಟೋದಲ್ಲಿ ನಾನೂ ಇದ್ದೇನೆ, ಅರ್ಧ ಮುಖ. ಶಾಗ್ಯ ಎಲ್ಲಿದೆ ಎಂದು ಅವನು ಕೇಳಲೂ ಇಲ್ಲ.

ಆ ರೈತರು ಪೆಟ್ಟಿಗೆ ಬಿಚ್ಚಿಸಿದರು. ಸರಿಪಡಿಸಿದ್ದೇವೆ ಎಂದು ನಾನೂ ಮುಖ್ಯಸ್ಥನೂ ಹೋಗಿ ಹೇಳಿದಾಗ ಕಾಫಿ ಕೊಟ್ಟು, "ನಾನೇ ನಡ್ಕಂಡೋಗಿ ಆಫ್ ಮಾಡ್ತೀನಿ ಬುಡಿ" ಎಂದು ಕಳಿಸಿದರು.