ಜೊಂಡಿನ ಮೂಲೆಯ ಕಿತ್ತಳೆಗಳು

ಯಾರಾದರೂ ದೆವ್ವದ ಕತೆ ಶುರುಮಾಡಿದರೆ, "ಆಗ ಗಾಳಿ ಯಾವ ಕಡೆ ಬೀಸುತ್ತಿತ್ತು?" ಎಂದು ಕೇಳಿ ಬಾಯಿ ಮುಚ್ಚಿಸುವುದು ನನ್ನ ಚಾಳಿಯಾಗಿತ್ತು. ಎಲ್ಲಕ್ಕೂ ಕಾರಣ ಇದ್ದೇ ಇರುತ್ತದೆ, ಅದು ನನಗೆ ಸಿಕ್ಕೇ ಸಿಗುತ್ತದೆ ಎಂಬ ಜಂಬ. ಈಗ ಆ ಪ್ರಶ್ನೆಯನ್ನು ನಾನು ಯಾರಿಗೂ ಕೇಳುವುದಿಲ್ಲ.

ಕೆಲವು ವರ್ಷಗಳ ಹಿಂದೆ ಸವದತ್ತಿಯ ಬಳಿ, ಮಲಪ್ರಭೆಯ ಹಿನ್ನೀರಿನ ಅಂಚಿನ ಜೌಗಿನಲ್ಲಿ ನೀರಿನ ಚಲನೆಯ ಅಭ್ಯಾಸ ಮಾಡುತ್ತಿದ್ದೆ. ಜೌಗಿನಲ್ಲಿ ಮೀನು ಎಲ್ಲಿ ಮೊಟ್ಟೆಯಿಡಬೇಕು, ಜೊಂಡು ಎಲ್ಲಿ ಬೆಳೆಯಬೇಕು ಎನ್ನುವುದನ್ನೆಲ್ಲ ನೀರು ಹೋಗುವ ದಾರಿಯೇ ನಿರ್ಧರಿಸುತ್ತದೆ. ಆ ದಾರಿ ತಿಳಿಯಲು ಕಿತ್ತಳೆ ಹಣ್ಣುಗಳನ್ನು ತೇಲಿಬಿಡುತ್ತಿದ್ದೆ. ಕಿತ್ತಳೆ ಬಹುಪಾಲು ಮುಳುಗಿಯೇ ತೇಲುವುದರಿಂದ ಗಾಳಿಗೆ ಹೆಚ್ಚು ಸಿಗದೆ ನೀರಿನ ಜೊತೆಗೇ ಸಾಗುತ್ತದೆ. ಗುರುತಿಗೆಂದು ಪ್ರತಿ ಹಣ್ಣಿಗೂ ನೀಲಿ ಪಟ್ಟಿ ಬಳಿದಿದ್ದೆ. ಅಂದು ಬೆಳಿಗ್ಗೆ ಬಿಟ್ಟವೆಲ್ಲ ಅಣೆಕಟ್ಟಿನ ಕಡೆ ಹೋಗಿ ಕಣ್ಮರೆಯಾದವು.

ಅಷ್ಟರಲ್ಲಿ ಮೀನು ಹಿಡಿಯುವ ದಸ್ತಗೀರ ಓಡಿಬಂದ. ನಸುಕಿನಲ್ಲಿ ಬಲೆ ಎತ್ತಲು ಹೋಗಿದ್ದ ಅವನ ಅಣ್ಣನ ಖಾಲಿ ತೆಪ್ಪವಷ್ಟೇ ಸಿಕ್ಕಿತ್ತು.

"ಸರ, ನೀರು ಯಾ ಕಡೆ ಎಳಿಯಾಕ ಹತ್ತೈತ್ರಿ? ನೀವು ಹೇಳಿದ ಕಡೆನ ಹುಡುಕತೇವ್ರಿ."

ನಾನು ಹಿಂದೆಮುಂದೆ ನೋಡದೆ ಅಣೆಕಟ್ಟಿನ ಕಡೆ ಕೈ ತೋರಿಸಿದೆ. ಹುಡುಕಲು ಬಂದವರಲ್ಲಿ ಇಬ್ಬರು ಆಗಲೇ ಎದುರು ದಿಕ್ಕಿನ ಜೊಂಡಿನ ಮೂಲೆಗೆ ಹೊರಟಿದ್ದರು. ಅವರು ಅದರ ಹತ್ತಿರ ಹೋಗಿಯೂ ಆಗಿತ್ತು.

"ಅಲ್ಲಿ ಬ್ಯಾಡ್ರಿ, ತಿರುಗಿ ಬರ್ರಿ! ನೀರು ಹಿಂದಕ್ಕ ಹರಿಯಂಗಿಲ್ಲ!" ಎಂದು ಗಟ್ಟಿಯಾಗಿ ಕೂಗಿದೆ. ಅವರು ತಿರುಗಿ ಬಂದರು. ಇಡೀ ದಿನ ಎಲ್ಲರೂ ನಾನು ಹೇಳಿದ ಕಡೆಯೇ ಹುಡುಕಿದರು.

ಸಂಜೆ ಎಮ್ಮೆ ತೊಳೆಯಲು ಬಂದವರೊಬ್ಬರ ಕಣ್ಣಿಗೆ ದಸ್ತಗೀರನ ಅಣ್ಣ ಬಿದ್ದ. ಅದೇ ಜೊಂಡಿನ ಮೂಲೆಯಲ್ಲಿ. ಜೀವ ಹೋಗಿತ್ತು. ಎರಡೂ ಮುಷ್ಟಿಗಳಲ್ಲಿ ಜೊಂಡನ್ನು ಬಿಗಿಯಾಗಿ ಹಿಡಿದಿದ್ದ. ಅವನ ಸುತ್ತ ನನ್ನ ಕಿತ್ತಳೆಗಳು ತೇಲುತ್ತಿದ್ದವು, ನೀಲಿ ಪಟ್ಟಿಯವು, ಒಂದೂ ಬಿಡದೆ.

ಅಣ್ಣನ ಮಣ್ಣು ಮುಗಿದ ಮೇಲೆ ದಸ್ತಗೀರ ಆ ಹಣ್ಣುಗಳನ್ನು ಟವೆಲಿನಲ್ಲಿ ಕಟ್ಟಿ ತಂದುಕೊಟ್ಟ.

"ನಿಮ್ಮ ಹಣ್ಣು ಅಲ್ಲೇ ಇದ್ದುವ್ರಿ ಸರ. ಕೆಲಸಕ್ಕ ಬೇಕಾಗತಾವಂತ ತಂದೇನ್ರಿ."

ಅವನು ನನ್ನನ್ನು ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅಂದು ಎಲೆ ಅಲುಗಾಡುವಷ್ಟೂ ಗಾಳಿ ಇರಲಿಲ್ಲ. ಆಮೇಲೆ ಅದೇ ಜಾಗದಿಂದ, ಬೇರೆ ಬೇರೆ ಕಾಲದಲ್ಲಿ ಹಣ್ಣು ಬಿಟ್ಟು ನೋಡಿದ್ದೇನೆ. ಆ ಮೂಲೆಗೆ ಒಂದೂ ಹೋಗಿಲ್ಲ. ಅಂದು ಮಾತ್ರ ಅವು ಹೇಗೆ ಹೋದವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆದರೆ ನನ್ನ ನಿದ್ದೆ ಕೆಡಿಸುವುದು ಹಣ್ಣುಗಳಲ್ಲ, ಆ ಮುಷ್ಟಿಗಳು. ಅವರಿಬ್ಬರಿಗೆ ತಿರುಗಿ ಬರಲು ನಾನು ಕೂಗಿದಾಗ, ಜೊಂಡು ಹಿಡಿದುಕೊಂಡಿದ್ದ ಅವನಿಗೂ ನನ್ನ ದನಿ ಕೇಳಿಸಿತ್ತೇ?